ಕೀಲು ಬಿಡಿಸುವ ಕೈ

ಕಿರ್ಗಿಜ್ ಬೆಟ್ಟಗಳ ನಡುವಿನ ಕೊಕ್-ಜಾರ್ ಊರಿನಲ್ಲಿ ಕುರಿ ಕೊಯ್ಯಬಲ್ಲ ಗಂಡಸರು ಮನೆಗೊಬ್ಬರಿದ್ದರು. ಕೊಯ್ದ ಕುರಿಯನ್ನು ಔತಣ ಮಾಡಬಲ್ಲವಳು ಬುರುಲ್ ಒಬ್ಬಳೇ. ಕುತ್ತಿಗೆಗೆ ಚೂರಿ ಎಳೆಯುವುದು ನಾಲ್ಕು ನಿಮಿಷದ ಕೆಲಸ. ಎಳೆದವನು ನಾಲ್ಕು ದಿನ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ಆ ನೀರಿನಲ್ಲಿ ಕರುಳು ತೊಳೆಯುವುದು ಮೂರು ಗಂಟೆಯ ಕೆಲಸ. ತೊಳೆದವಳ ಬೆರಳು ಸಂಜೆಯವರೆಗೂ ಮಡಚುತ್ತಿರಲಿಲ್ಲ, ಆ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಅವಳ ಕೈಗೊಂದು ಗೇಣುದ್ದದ ಚೂರಿ ಕೊಟ್ಟು ಕೊಪ್ಪರಿಗೆಯ ಪಕ್ಕ ಕೂರಿಸಿದ್ದಳು. ಮೂಳೆಗೆ ಕೊಡಲಿ ಹಾಕಬಾರದು, ಮುರಿಯಬಾರದು, ಕೀಲಿದ್ದಲ್ಲೇ ಬಿಡಿಸಬೇಕು. "ಕೀಲು ಅನ್ನೋದು ಬಾಗಿಲು ಇದ್ದಂಗೆ. ಗೋಡೆ ಒಡೀಬೇಡ, ಬಾಗಿಲು ಹುಡುಕು" ಎಂದಿದ್ದಳು ಅತ್ತೆ. ಬುರುಲ್ ಹುಡುಕಿದಳು. ಐದಾರು ವರ್ಷದಲ್ಲಿ ಕಣ್ಣು ಮುಚ್ಚಿಕೊಂಡು ಇಡೀ ಕುರಿಯನ್ನು ಬಿಡಿಸುವಷ್ಟು ಅವಳ ಹೆಬ್ಬೆರಳಿಗೆ ಬಾಗಿಲುಗಳು ಗೊತ್ತಾದವು.

ಬಿಡಿಸಿದರೆ ಮುಗಿಯಲಿಲ್ಲ, ಯಾವ ಮೂಳೆ ಯಾರ ಮುಂದೆ ಎಂಬುದು ಅದಕ್ಕಿಂತ ದೊಡ್ಡ ವಿದ್ಯೆ. ತಲೆ ಮುಖ್ಯ ಅತಿಥಿಗೆ. ಸೊಂಟದ ಮೂಳೆ ಊರಿನ ಹಿರಿಯನಿಗೆ. ತೊಡೆಯ ನಳಿಮೂಳೆ ಅವನಿಗಿಂತ ಕಿರಿಯರಿಗೆ, ಹೆಗಲ ಹಲಗೆ ಅವರಿಗಿಂತ ಕಿರಿಯರಿಗೆ, ಬಾಲದ ಬುಡ ವಯಸ್ಸಾದ ಹೆಂಗಸರಿಗೆ. ಹೊಸ ಸೊಸೆಯಾಗಿದ್ದಾಗ ಒಮ್ಮೆ ಅಣ್ಣನ ಮುಂದಿಡಬೇಕಾದದ್ದನ್ನು ತಮ್ಮನ ಮುಂದಿಟ್ಟಿದ್ದಕ್ಕೆ ಆ ಎರಡು ಮನೆಗಳು ಎರಡು ವರ್ಷ ಮಾತು ಬಿಟ್ಟಿದ್ದವು. ಬೇಯಿಸಿದವಳಿಗೆ ಯಾವ ಮೂಳೆ ಎಂದು ಮಾತ್ರ ಯಾರೂ ಗೊತ್ತುಮಾಡಿರಲಿಲ್ಲ. ಕೊಪ್ಪರಿಗೆಯ ತಳದಲ್ಲಿ ಉಳಿದದ್ದು ಅವಳದು.

ಊಟ ಮುಗಿದ ಮೇಲೆ, ಸೊಂಟದ ಮೂಳೆ ಬಂದ ಹಿರಿಯ ಎರಡೂ ಅಂಗೈ ತೆರೆದು ಹರಸಬೇಕು. ಅದಕ್ಕೆ ಬಾತಾ ಎಂದು ಹೆಸರು. ಸುತ್ತ ಕೂತವರೆಲ್ಲ ಅಂಗೈ ತೆರೆದು ಮುಖ ಸವರಿಕೊಂಡು 'ಓಮಿನ್', ಹಾಗೇ ಆಗಲಿ, ಎಂದರೆ ಅಲ್ಲಿಗೆ ಮಾತು ಕಲ್ಲಿನ ಮೇಲೆ ಬರೆದಂತೆ. ಆ ಉಪ್ಪು ತಿಂದವರು ಆಮೇಲೆ ಅದರ ವಿರುದ್ಧ ಉಸಿರೆತ್ತುವಂತಿಲ್ಲ. ಮದುವೆಯಿರಲಿ, ಜಗಳದ ರಾಜಿಯಿರಲಿ, ಕೊಕ್-ಜಾರಿನಲ್ಲಿ ಮೊದಲು ಬಾತಾ, ಕಾಗದ ಆಮೇಲೆ. ಹಿಮ ಬಿದ್ದು ಕಣಿವೆಯಲ್ಲಿ ಸಿಕ್ಕಿಬಿದ್ದ ಲಾರಿಯವರಿಗೆ, ದಾರಿ ತಪ್ಪಿ ಬಂದವರಿಗೆ ಹಾಕುವ ಊಟಕ್ಕೆ ಇದು ಯಾವುದೂ ಇಲ್ಲ. ಅವರ ತಟ್ಟೆಗೆ ಸಿಕ್ಕಿದ ಮೂಳೆ ಬೀಳುತ್ತದೆ, ಅವರು 'ರಹ್ಮತ್', ಅಂದರೆ ಉಪಕಾರವಾಯಿತು, ಎಂದು ಕೈ ಎದೆಗಿಟ್ಟು ಹೋಗುತ್ತಾರೆ. ಮುರಿದ ಮೂಳೆಯ ಮುಂದೆ ಬಾತಾ ಇಲ್ಲ ಎಂಬುದು ಊರಿನ ಎಳೆ ಮಕ್ಕಳಿಗೂ ಗೊತ್ತು.

ಬುರುಲ್‌ಳ ಗಂಡ ಅವಳ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಎದೆನೋವು ಬಂದು ಹೋದ. ಆ ವರ್ಷವೇ ಘಟ್ಟದಿಂದ ಕೆಳಗೆ ಹೊಸ ರಸ್ತೆ ಬರುತ್ತಿತ್ತು. ಹಾಕುತ್ತಿದ್ದವರು ಗಡಿಯಾಚೆಯಿಂದ ಬಂದ ಚೀನಾದ ಕೂಲಿಗಳು. ಅವರ ಶಿಬಿರದ ಅಡುಗೆಮನೆಗೆ ಹೆಂಗಸರು ಬೇಕೆಂದಾಗ ಊರು ಮೂಗು ಮುರಿಯಿತು. ಬುರುಲ್ ಮೂಗು ಮುರಿಯುವವರ ಮುಂದೆಯೇ ಏಪ್ರನ್ ಕಟ್ಟಿಕೊಂಡು ಹೋದಳು.

ಅಲ್ಲಿನ ಮುಖ್ಯ ಅಡುಗೆಯವನು ಪಾಂಗ್ ಎಂಬ ಒಣಕಲು ಮುದುಕ. ಅವನ ಕೈಯಲ್ಲಿ ಅಂಗೈಯಗಲದ ಮಚ್ಚುಗತ್ತಿ. ಕೀಲು ಹುಡುಕುವ ಗೋಜೇ ಇಲ್ಲ. ಮೂಳೆಯ ನಡುವಿಗೇ ಒಂದೇಟು, ಮೂಳೆ ಎರಡು. ಮೊದಲ ದಿನ ಬುರುಲ್ ಆ ಸದ್ದಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಎರಡು ಬೇಸಿಗೆ ಮುಗಿಯುವಷ್ಟರಲ್ಲಿ ಅವನಿಗಿಂತ ಚೆನ್ನಾಗಿ ಕೊಚ್ಚುತ್ತಿದ್ದಳು. ಇಬ್ಬರಿಗೂ ಇದ್ದದ್ದು ಮುರುಕು ರಷ್ಯನ್, ಮಿಕ್ಕಿದ್ದು ಕೈಬಾಯಿ ಸನ್ನೆ. ಅಷ್ಟರಲ್ಲೇ ಅವನು ತನ್ನ ಊರಿನ ಕತೆ ಹೇಳಿದ್ದ. ಆನ್‌ಹುಯಿ ಕಡೆಯ ಹಳ್ಳಿಯಂತೆ. ಭತ್ತದ ಗದ್ದೆಗಳಿದ್ದವಂತೆ. ಅವನ್ನು ಕಾರ್ಖಾನೆಗೆ ಕೊಡಲೆಂದು ಅವರ ಊರಿನ ಮುಖಂಡನೇ ಎಲ್ಲರನ್ನೂ ಕರೆದು ಊಟ ಹಾಕಿಸಿ, ಊಟದ ಕೊನೆಗೆ ಕಾಗದಕ್ಕೆ ಬೆರಳೊತ್ತಿಸಿಕೊಂಡನಂತೆ. ಬೆಳಗಾದ ಮೇಲೆ ಅರ್ಥವಾಗಿ ಜನ ರಸ್ತೆಗೆ ಅಡ್ಡ ಕೂತರು. ಹನ್ನೊಂದು ದಿನ ಕೂತರು. ಪೊಲೀಸರು ಬಂದು ಎಬ್ಬಿಸಿದರು, ಪಾಂಗನ ತಮ್ಮನನ್ನೂ ಕರೆದೊಯ್ದರು. ಅದು ಯಾವ ಸುದ್ದಿಯಲ್ಲೂ ಬರಲಿಲ್ಲ.

"ನಮ್ಮ ಗದ್ದೆ ಒಂದು ಊಟದಲ್ಲಿ ಹೋಯ್ತು" ಎಂದಿದ್ದ ಪಾಂಗ್, ಬಾಯಿಗೆ ತುತ್ತಿಡುವ ಸನ್ನೆ ಮಾಡಿ.

ಕೆಲಸ ಮುಗಿದು ಹೊರಡುವಾಗ ಅವನು ತನ್ನ ಮಚ್ಚುಗತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳಿಗೆ ಕೊಟ್ಟ. ಅವಳು ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಊರಿನ ಔತಣಗಳಲ್ಲಿ ಅದಕ್ಕೇನು ಕೆಲಸ?

ಹೀಗಾಗಿ, ಚೀನಾ ಎಂದರೆ ಊರಿನವರಿಗೆಲ್ಲ ಒಂದೇ ಕಪ್ಪು ಮೋಡವಾಗಿದ್ದಾಗ, ಬುರುಲ್‌ಗೆ ಅದರಲ್ಲಿ ಎರಡು ಮುಖ ಕಾಣುತ್ತಿದ್ದವು. ಒಂದು ಪಾಂಗನದು. ಇನ್ನೊಂದು ಮರ್ಯಾಮ್‌ಳದು. ಮರ್ಯಾಮ್ ಅವಳ ಚಿಕ್ಕಮ್ಮನ ಮಗಳು, ಗಡಿಯಾಚೆ ಕಿಜಿಲ್-ಸುವಿನಲ್ಲಿದ್ದವಳು. ಬೆಟ್ಟದ ಆಚೆಯೂ ಕಿರ್ಗಿಜರೇ, ಅದೇ ಕುರಿ, ಅದೇ ಬಾತಾ. ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದಳು, ಸೊಸೆಯರನ್ನು ಬೈಯುತ್ತಿದ್ದಳು, ನಗುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಶುಕ್ರವಾರ ಪಾಠ ಒಪ್ಪಿಸುವವಳ ದನಿಯಲ್ಲಿ, ತಾವೆಲ್ಲ ಕ್ಷೇಮ, ಹವೆ ಚೆನ್ನಾಗಿದೆ, ಇನ್ನು ಫೋನ್ ಮಾಡುವುದು ಬೇಡ ಎಂದಳು. ಆಮೇಲೆ ಆ ನಂಬರು ಉಸಿರಾಡಲಿಲ್ಲ. ಆಚೆ ತಮ್ಮಂಥವರನ್ನು ಹಿಡಿದು ಬಂಧನದ ಶಿಬಿರಗಳಿಗೆ ಹಾಕುತ್ತಿದ್ದಾರೆ ಎಂಬ ಪಿಸುಮಾತು ಮಾತ್ರ ಬೆಟ್ಟ ದಾಟಿ ಬಂತು. ಬುರುಲ್ ಶುಕ್ರವಾರ ಫೋನನ್ನು ಹಿಟ್ಟು ಕಲಸುವ ಹಲಗೆಯ ಪಕ್ಕ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ.

ಅವಳಿಗೆ ಐವತ್ತೇಳು ತುಂಬಿದ ಚಳಿಗಾಲ, ಫೆಬ್ರವರಿಯಲ್ಲಿ, ಮೆಲಿಸ್ ಜೀಪಿನಲ್ಲಿ ಬಂದ. ಜಿಲ್ಲಾಕೇಂದ್ರದವನು, ಹೊಳೆಯುವ ಬೂಟಿನವನು, ಮಾತಿನಲ್ಲಿ ಬೆಣ್ಣೆ. ಗಡಿಯಾಚೆಯ ಒಂದು ಕಂಪನಿಯ ಪರವಾಗಿ ಓಡಾಡುತ್ತಿದ್ದ. ಸೇತುವೆಯ ಕೆಳಗಿನ ಹುಲ್ಲುಗಾವಲಿನಲ್ಲಿ ಲಾರಿಗಳ ದೊಡ್ಡ ಗೋದಾಮು ಬರುತ್ತದೆ, ನಲವತ್ತೊಂಬತ್ತು ವರ್ಷದ ಗುತ್ತಿಗೆ, ಮುನ್ನೂರು ಜನಕ್ಕೆ ಕೆಲಸ ಎಂದ. ಆ ಮುನ್ನೂರರಲ್ಲಿ ಒಂದು ಬುರುಲ್‌ಳ ಮಗ ಎರ್ಮೆಕ್‌ಗೆ ಎಂದೂ ಹೇಳಿದ. ಎರ್ಮೆಕ್ ಲಾರಿ ಓಡಿಸಬಲ್ಲವನು. ಸ್ವಂತ ಲಾರಿ ಇಲ್ಲದವನು. ಅಂದಿನಿಂದ ಅವನ ನಡಿಗೆಯೇ ಬದಲಾಯಿತು.

ಊರು ಎರಡಾಯಿತು. ಸಂತೆಯಲ್ಲಿ ಎಂಥೆಂಥ ಮಾತು: ಅವರು ಬಂದರೆ ಊರಿನ ಕತ್ತೆಗಳು ಉಳಿಯುವುದಿಲ್ಲ, ಹುಡುಗಿಯರು ಉಳಿಯುವುದಿಲ್ಲ, ಬೆಟ್ಟವನ್ನೇ ಬುಡಸಮೇತ ಹೊತ್ತುಕೊಂಡು ಹೋಗುತ್ತಾರೆ. ಪಕ್ಕದ ಮನೆಯ ತೊತು ಇದನ್ನೆಲ್ಲ ಉಸಿರುಬಿಡದೆ ಒಪ್ಪಿಸಿದಾಗ ಬುರುಲ್ ಬೆರಣಿ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ.

"ಬೆಟ್ಟ ಅವರು ಹೊತ್ಕೊಂಡು ಹೋಗಲ್ಲ ತೊತು. ನಮ್ಮವರೇ ಹೊತ್ತು, ಅವರ ಬಾಗಿಲಿಗಿಟ್ಟು, ಬಾಡಿಗೆನೂ ಕೇಳದೆ ಬರ್ತಾರೆ."

ಊರಿನ ಹಿರಿಯ ತುರ್ಗುನ್ ಮನೆಯಲ್ಲಿ ಮೊದಲ ಮಾತುಕತೆ ನಡೆಯಿತು. ಗಂಡನ ದೊಡ್ಡಪ್ಪನಾದ್ದರಿಂದ ಬುರುಲ್ ಅವನನ್ನು ಅತಾ ಎಂದು, ಅಂದರೆ ಅಪ್ಪ ಎಂದೇ, ಕರೆಯುತ್ತಿದ್ದಳು. ಚಹ ಬಗ್ಗಿಸಲು ಬುರುಲ್‌ಳ ಸೊಸೆ ಜಿಪಾರ್ ಹೋಗಿದ್ದಳು. ಚಹ ಬಗ್ಗಿಸುವ ಸೊಸೆ ಕೋಣೆಯ ಕಂಬಕ್ಕಿಂತ ಹೆಚ್ಚಿನವಳಲ್ಲ. ಅವಳ ಮುಂದೆ ಯಾರೂ ಕಾಗದ ಮುಚ್ಚಿಡುವುದಿಲ್ಲ. ಜಿಪಾರ್ ಶಾಲೆಯಲ್ಲಿ ಪುಸ್ತಕ ನೋಡಿಕೊಳ್ಳುವವಳು, ರಷ್ಯನ್ ಓದಬಲ್ಲವಳು. ಹನ್ನೆರಡು ಬಟ್ಟಲು ಚಹ ಬಗ್ಗಿಸುವಷ್ಟರಲ್ಲಿ ಅವಳು ಮೆಲಿಸ್‌ನ ಮೊಣಕಾಲ ಪಕ್ಕ ಬಿಚ್ಚಿಕೊಂಡಿದ್ದ ಪತ್ರದ ಮೊದಲ ಪುಟ ಓದಿದ್ದಳು. ಸಕ್ಕರೆ ತರುವ ನೆಪದಲ್ಲಿ ಬಗ್ಗಿ ಫೋನಿನಲ್ಲಿ ಫೋಟೋ ಕೂಡ ಹೊಡೆದಿದ್ದಳು.

ಜಿಪಾರ್ ಮನೆಗೆ ಬಂದಾಗ ಬುರುಲ್ ಹಿಟ್ಟು ಲಟ್ಟಿಸುತ್ತಿದ್ದಳು. ಅತ್ತೆಯನ್ನು ಅವಳು ಅಪಾ ಎಂದು, ಅಂದರೆ ಅಮ್ಮ ಎಂದು, ಕರೆಯುತ್ತಿದ್ದಳು.

"ಅಪಾ, ಕಾಗದದಲ್ಲಿ ನಮ್ಮ ಹುಲ್ಲುಗಾವಲನ್ನ ಏನಂತ ಬರ್ದಿದಾರೆ ಗೊತ್ತಾ? ಬಳಕೆಯಲ್ಲಿಲ್ಲದ ಭೂಮಿ ಅಂತ."

ಲಟ್ಟಣಿಗೆ ನಿಂತಿತು.

"ಇನ್ನೊಂದ್ಸಲ ಓದು."

ಜಿಪಾರ್ ಓದಿದಳು. ಹುಲ್ಲು ಕೊಯ್ಯುವುದು ಗಂಡಸರಿಗೆ ಹತ್ತು ದಿನ. ಅದನ್ನು ಹರವಿ, ತಿರುವಿ, ಕೆರೆದು, ಮಳೆ ಬಂದರೆ ಒಟ್ಟಿ, ಬಿಸಿಲು ಬಂದರೆ ಮತ್ತೆ ಹರವಿ, ಕಂತೆ ಕಟ್ಟಿ, ಬಣವೆ ಹಾಕುವುದು ಹೆಂಗಸರಿಗೆ ಆರು ವಾರ. ಮೂವತ್ತೆಂಟು ಬೇಸಿಗೆ ಬುರುಲ್ ಅಲ್ಲಿ ಬೆನ್ನು ಬಗ್ಗಿಸಿದ್ದಳು. ಎರ್ಮೆಕ್ ಹುಟ್ಟುವ ಮುಂಚಿನ ದಿನವೂ ಅವಳ ಕೈಯಲ್ಲಿ ಹುಲ್ಲು ಕೆರೆಯುವ ಕುಂಟೆಯಿತ್ತು. ಚಳಿಗಾಲದ ಏಳು ತಿಂಗಳು ಕೊಕ್-ಜಾರಿನ ಹಸುಗಳು ತಿನ್ನುವುದು ಅದೇ ಹುಲ್ಲು, ಮಕ್ಕಳು ಕುಡಿಯುವುದು ಅದೇ ಹಾಲು. ಅದೆಲ್ಲ ಬಳಕೆಯಲ್ಲ. ಗಂಡಸೊಬ್ಬ ಕಂಬ ನೆಟ್ಟು ತಂತಿ ಎಳೆದರೆ ಬಳಕೆ.

"ಅವರಿಗೆ ನಾವು ಕಾಣಲಿಲ್ಲ ಅಂತ ಕಾಣ್ತದೆ" ಎಂದು ಮತ್ತೆ ಲಟ್ಟಣಿಗೆ ಎತ್ತಿಕೊಂಡಳು.

ಮರುದಿನ ಮೆಲಿಸ್ ಬುದ್ಧಿವಂತಿಕೆಯ ಮಾತೊಂದು ತಂದ. ಊರ ಸಭೆ ಯಾಕೆ, ಕೂಗಾಟ ಯಾಕೆ? ಕಂಪನಿಯ ಎಂಜಿನಿಯರ್ ಬರುತ್ತಾನೆ, ತುರ್ಗುನ್ ಮನೆಯಲ್ಲಿ ಹಿರಿಯರೆಲ್ಲ ಕೂತು ಊಟ ಮಾಡೋಣ, ಮೂರು ಕುರಿ ತನ್ನ ಕಡೆಯಿಂದ. ಮೆಲಿಸ್ ಕೂಡ ಕಿರ್ಗಿಜನೇ. ಊಟದ ಕೊನೆಗೆ ಏನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹನ್ನೆರಡು ಮನೆತನದ ಹನ್ನೆರಡು ಹಿರಿಯರು ಓಮಿನ್ ಎಂದರೆ, ಸಹಿ ಹಾಕಲು ಊರೇ ಸಾಲುಗಟ್ಟುತ್ತದೆ.

ಬೇಯಿಸಲು ಕರೆ ಬಂದದ್ದು ಬುರುಲ್‌ಗೇ. ತೊತು ಓಡಿ ಬಂದು, ಒಪ್ಪಬೇಡ, ಸೊಂಟ ಹಿಡಿದಿದೆ ಅನ್ನು ಎಂದಳು. ಬುರುಲ್‌ಗೆ ಪಾಂಗನ ಕೈಸನ್ನೆ ನೆನಪಾಗುತ್ತಿತ್ತು: ಒಂದು ಊಟದಲ್ಲಿ.

"ನಾನು ಒಲ್ಲೆ ಅಂದ್ರೆ ಪೇಟೆಯಿಂದ ಅಡುಗೆಯವನನ್ನ ಕರ್ಸ್ತಾರೆ. ಅವನಿಗೆ ಕೀಲು ಗೊತ್ತಿರ್ತದೆ, ಹುಲ್ಲು ಗೊತ್ತಿರಲ್ಲ" ಎಂದಳು. "ನಾನೇ ಹೋಗ್ತೀನಿ."

ಎರ್ಮೆಕ್‌ಗೆ ತಾಯಿ ಒಪ್ಪಿದ್ದು ಕೇಳಿ ಖುಷಿಯಾಯಿತು. ಅವಳು ಬೇಡವೆನ್ನುತ್ತಾಳೆಂದು ವಾದಕ್ಕೆ ಸಿದ್ಧನಾಗಿ ಬಂದಿದ್ದ. ಆದರೂ ವಾದ ಮಾಡಿಯೇ ಹೋದ: ಮರ್ಯಾಮ್ ಚಿಕ್ಕಮ್ಮನ ವಿಷಯ ಬೇರೆ, ಇದು ವ್ಯಾಪಾರ, ಜಗತ್ತೆಲ್ಲ ಅವರ ಸಾಮಾನು ಕೊಳ್ಳುತ್ತದೆ, ನಿನ್ನ ಫೋನೂ ಅವರದೇ. ಬುರುಲ್ ಹೌದೆಂದಳು. ಫೋನು ಚೆನ್ನಾಗಿದೆ, ಅದರಲ್ಲಿ ಮಾತಾಡುವವರನ್ನು ವಾಪಸು ಕೊಟ್ಟರೆ ಸಾಕು ಎಂದಳು.

ಔತಣದ ದಿನ ಬೆಳಿಗ್ಗೆ ಎರ್ಮೆಕ್ ಮೂರು ಕುರಿ ಕೊಯ್ದು, ಚೂರಿ ಒರೆಸಿ, ಹಿರಿಯರ ಜತೆ ಚಹಕ್ಕೆ ಕೂತ. ತೊತು, ಜಿಪಾರ್, ಇನ್ನೂ ಐದು ಹೆಂಗಸರು ಹೊಳೆಗಿಳಿದರು. ತುರ್ಗುನ್ ಮನೆಯ ಹಿಂದಿನ ಅಡುಗೆಮನೆಯಲ್ಲಿ ಬುರುಲ್ ಒಲೆಗೆ ಬೆರಣಿ ತುಂಬಿ, ಕೊಪ್ಪರಿಗೆ ಏರಿಸಿ, ತನ್ನ ಗಂಟಿನಿಂದ ಬಟ್ಟೆಯಲ್ಲಿ ಸುತ್ತಿದ ಮಚ್ಚುಗತ್ತಿ ತೆಗೆದಳು.

ಮೊದಲ ಏಟು ಬಿದ್ದಾಗ ಜಿಪಾರ್ ಬಾಗಿಲಲ್ಲಿ ಕರುಳಿನ ಬೋಗುಣಿ ಹಿಡಿದು ನಿಂತಿದ್ದಳು. ಸೊಂಟದ ಮೂಳೆ ನಡುವಿಗೆ ಎರಡಾಯಿತು. ಎರಡನೆಯ ಏಟಿಗೆ ತೊಡೆಯ ನಳಿ. ಜಿಪಾರ್ ಅತ್ತೆಯ ಮುಖ ನೋಡಿದಳು, ಮೂಳೆ ನೋಡಿದಳು. ಒಂದು ಗಳಿಗೆಯಲ್ಲಿ ಎಲ್ಲ ತಿಳಿದು, ಹೊರಗೆ ಸದ್ದು ಕೇಳದಿರಲೆಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಮೂವತ್ತೆಂಟು ವರ್ಷ ಬಾಗಿಲು ಹುಡುಕಿದ ಕೈ ಅಂದು ಗೋಡೆ ಒಡೆಯಿತು. ಬುರುಲ್‌ಗೆ ಅದರಲ್ಲಿ ಸಂತೋಷವೇನೂ ಆಗಲಿಲ್ಲ. ಅತ್ತೆ ಬದುಕಿದ್ದರೆ ಏನನ್ನುತ್ತಿದ್ದಳೋ ಎಂದುಕೊಂಡಳು. ಅತ್ತೆಯೂ ನಲವತ್ತು ಬೇಸಿಗೆ ಅದೇ ಹುಲ್ಲು ತಿರುವಿದ್ದವಳು ಎಂಬುದು ನೆನಪಾಗಿ ಏಟು ಹಗುರವಾಯಿತು.

ಉಪ್ಪು ಸರಿಯಾಗಿ ಹಾಕಿದಳು, ಕೊಬ್ಬು ಧಾರಾಳ ಬಿಟ್ಟಳು, ಹಿಟ್ಟಿನ ಎಳೆಗಳನ್ನು ಕೂದಲಿನಷ್ಟು ಸಣ್ಣಗೆ ಕತ್ತರಿಸಿದಳು. ಅತಿಥಿಗೆ ಕೆಟ್ಟ ಊಟ ಹಾಕುವ ಮಾತೇ ಇರಲಿಲ್ಲ. ಮೂರು ತಲೆಗಳನ್ನು ಮಾತ್ರ ಸುಟ್ಟು ತೊಳೆದು ಚೀಲದಲ್ಲಿ ಕಟ್ಟಿ ತೊತುಗೆ ಕೊಟ್ಟಳು. ಇವು ನಾಳೆಗೆ ಬೇಕು, ತಣ್ಣಗಿರುವ ಕಡೆ ಇಡು ಎಂದಳು.

ನಡುಮನೆಯಲ್ಲಿ ಹಾಸಿನ ಸುತ್ತ ಹಿರಿಯರು ಬಿಳಿ ಟೋಪಿಯಿಟ್ಟು ಕೂತಿದ್ದರು. ಬಾಗಿಲಿನ ಎದುರಿನ ಗೌರವದ ಜಾಗದಲ್ಲಿ ಮೆಲಿಸ್, ಅವನ ಪಕ್ಕ ವೆನ್ ಎಂಬ ಎಂಜಿನಿಯರ್. ಮೂವತ್ತು ದಾಟದ, ಚಳಿಗೆ ಕಿವಿ ಕೆಂಪಾದ, ನಿದ್ದೆಗೆಟ್ಟ ಮುಖದವನು. ಅವನ ದೇಶದಲ್ಲಿ ಆಗ ಕಾಯಿಲೆ ಹಬ್ಬುತ್ತಿದ್ದ ಸುದ್ದಿ. ಮನೆಗೆ ಹೋಗಲು ದಾರಿಯಿಲ್ಲದೆ ಇಲ್ಲೇ ಸಿಕ್ಕಿಕೊಂಡಿದ್ದ. ಜಿಪಾರ್ ಎಲ್ಲರ ಕೈಗೆ ಬಿಸಿನೀರು ಹನಿಸಿದಳು. ಹೆಂಗಸರು ಪರಾತಗಳನ್ನು ತಂದಿಟ್ಟರು.

ತುರ್ಗುನ್ ಮುಂದಿನ ಪರಾತದಲ್ಲಿ ಏನಿತ್ತೋ ಕೊನೆಯಲ್ಲಿ ಕೂತ ಕಿರಿಯನ ಮುಂದೆಯೂ ಅದೇ. ತಲೆಯಿಲ್ಲ, ಸೊಂಟವಿಲ್ಲ, ನಳಿಯಿಲ್ಲ. ಎಲ್ಲ ಒಂದೇ ಅಳತೆಯ ತುಂಡು, ತುಂಡಿನ ತುದಿಯಲ್ಲಿ ಬಿಳಿಯ ಮುರಿದ ಮೂಳೆ. ಹನ್ನೆರಡು ಕೈಗಳು ಪರಾತದ ಮೇಲೆ ಬಂದು ಅಲ್ಲೇ ನಿಂತವು. ಯಾರು ಮೊದಲು ಎತ್ತಬೇಕು ಎಂಬುದನ್ನು ಹೇಳುವ ಮೂಳೆ ಅಲ್ಲಿರಲಿಲ್ಲ.

ವೆನ್ ಒಬ್ಬನೇ ತಿನ್ನತೊಡಗಿದ್ದ. ಹಸಿದಿದ್ದ ಪಾಪ.

ಮೆಲಿಸ್ ನಕ್ಕ, ನಗು ಅರ್ಧಕ್ಕೇ ನಿಂತಿತು. ಬಾಗಿಲ ಬಳಿ ನಿಂತಿದ್ದ ಬುರುಲ್‌ಳನ್ನು ನೋಡಿ, "ಎಜೆ, ಇದೇನು? ಮೂಳೆನೆಲ್ಲ ಕೊಚ್ಚಿ ಹಾಕಿದೀರಲ್ಲ. ನಿಮ್ಮ ಕೈಯಡುಗೆ ಅಂತ ದೊಡ್ಡ ಹೆಸರು ಕೇಳಿದ್ದೆ" ಎಂದ. ಎಜೆ ಎಂದರೆ ಅಕ್ಕ. ಆ ಮಾತನ್ನು ಅವನು ಅಂದು ಮೊದಲ ಸಲ ಅವಳಿಗೆ ಬಳಸಿದ್ದ.

"ಅತಿಥಿಗಳ ಕಡೆ ಹೀಗೇ ಕತ್ತರಿಸೋದು ತಮ್ಮಾ. ಅವರ ಅಡುಗೆಮನೇಲಿ ಎರಡು ವರ್ಷ ಇದ್ದೆ. ಹಿಡಿಸ್ತಾ ಕೇಳು."

ಕೇಳಬೇಕಾಗಲಿಲ್ಲ. ವೆನ್ ತಲೆ ಎತ್ತಿ, ಬಾಯಿ ತುಂಬಿಕೊಂಡೇ, ನಮ್ಮಜ್ಜಿ ಹೀಗೇ ಮಾಡೋರು ಎಂದು ರಷ್ಯನ್ನಿನಲ್ಲಿ ಹೇಳಿದ. ಹಿರಿಯರಲ್ಲಿ ಒಬ್ಬಿಬ್ಬರು ಗಡ್ಡದೊಳಗೆ ನಕ್ಕರು. ಮೆಲಿಸ್‌ಗೆ ನಗು ಬರಲಿಲ್ಲ. ಆಗಿದ್ದಾಯಿತು, ಅಡುಗೆಯ ತಪ್ಪು ದೇವರ ತಪ್ಪಲ್ಲ, ಅಕ್ಸಕಾಲರು, ಅಂದರೆ ಬಿಳಿಗಡ್ಡದ ಹಿರಿಯರು, ಊಟ ಮಾಡಿ ಒಂದು ಬಾತಾ ಕೊಟ್ಟುಬಿಡಲಿ ಎಂದ.

ತುರ್ಗುನ್ ಒಂದು ತುಂಡನ್ನು ಎತ್ತಿ ಬೆರಳಲ್ಲಿ ತಿರುಗಿಸಿದ. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಇದರ ಮೇಲಾ?" ಎಂದ.

ಬಾಗಿಲ ಹೊರಗಿದ್ದ ಎರ್ಮೆಕ್ ಒಳಗೆ ನುಗ್ಗಿದ. "ಕೈ ತಪ್ಪಿದ್ದಲ್ಲ ಇದು. ಅಪಾ ಬೇಕಂತ್ಲೇ ಮಾಡಿದಾಳೆ."

"ಹೌದು, ಬೇಕಂತ್ಲೇ ಮಾಡ್ದೆ" ಎಂದಳು ಬುರುಲ್. ದನಿ ಏರಲಿಲ್ಲ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಹಸಿದು ಬಂದೋರಿಗೆ ಊಟ ಹಾಕಿದೀವಿ, ಹೊಟ್ಟೆ ತುಂಬಾ ತಿನ್ನಲಿ. ಇದು ದಾರಿಹೋಕರ ಊಟ. ಅತಾ, ಒಂದು ಮಾತು ಕೇಳ್ತೀನಿ. ನಿಮ್ಮ ಹಸು ಈ ಚಳಿಗಾಲ ಏನು ತಿಂತಿದೆ?"

"ಹುಲ್ಲು. ಇನ್ನೇನು ತಿಂತದೆ?"

"ಯಾವ ಹುಲ್ಲು?"

"ಸೇತುವೆ ಕೆಳಗಿಂದು."

"ಅಲ್ಲಿ ಹುಲ್ಲೇ ಇಲ್ವಂತೆ. ಬಳಕೆಯಲ್ಲಿಲ್ಲದ ಭೂಮಿ ಅಂತ ಇವರ ಕಾಗದದಲ್ಲಿದೆ. ನಿಮಗೆ ಓದಿ ಹೇಳಿದ್ರಾ?"

ಹೇಳಿರಲಿಲ್ಲ. ಮುನ್ನೂರು ಕೆಲಸದ ಪುಟವನ್ನು ಮೂರು ಸಲ ಓದಿ ಹೇಳಿದ್ದ ಮೆಲಿಸ್, ಮೊದಲ ಪುಟವನ್ನು ತಿರುವಿಹಾಕಿದ್ದ. ಅದು ಸರಕಾರಿ ಮಾತು, ಎಲ್ಲ ಕಾಗದದಲ್ಲೂ ಹಾಗೇ ಇರುತ್ತದೆ ಎಂದು ಅವನು ಶುರುಮಾಡುವಷ್ಟರಲ್ಲಿ ತುರ್ಗುನ್ ಕೈ ಎತ್ತಿದ. ಯಾರು ಓದುತ್ತೀರಿ ಎಂದು ಕೇಳಿದ. ಜಿಪಾರ್ ನೀರಿನ ಹೂಜಿ ಕೆಳಗಿಟ್ಟು, ಏಪ್ರನ್ನಿನ ಕಿಸೆಯಿಂದ ಫೋನ್ ತೆಗೆದು ಓದಿದಳು. ಚಹದ ಹುಡುಗಿಗೆ ಓದು ಬರುತ್ತದೆ ಎಂದು ಮೆಲಿಸ್‌ಗೆ ಗೊತ್ತಾದದ್ದು ಆಗಲೇ. ಎರ್ಮೆಕ್ ಹೆಂಡತಿಯ ಬಾಯನ್ನೇ ನೋಡುತ್ತ ನಿಂತ. ಪುಟದ ಕೊನೆಯ ಸಾಲಿನಲ್ಲಿ ಕೆಲಸಗಾರರನ್ನು ಎಲ್ಲಿಂದ ಬೇಕಾದರೂ ಕರೆತರುವ ಹಕ್ಕು ಕಂಪನಿಯದು ಎಂದಿತ್ತು. ಅದನ್ನು ಅವಳು ಗಂಡನ ಕಡೆ ತಿರುಗಿ, ನಿಧಾನವಾಗಿ, ಎರಡು ಸಲ ಓದಿದಳು.

ತುರ್ಗುನ್ ಮೂಳೆಯನ್ನು ಪರಾತಕ್ಕೆ ಹಿಂದಿಟ್ಟ. ಬುರುಲ್ ಅವನ ಮುಖ ನೋಡುತ್ತಿದ್ದಳು. ಬೇಡವೆನ್ನಲು ಅವನಿಗೂ ಒಂದು ನೆಪ ಬೇಕಾಗಿತ್ತು. ಮೂರು ಕುರಿ ತಂದವನಿಗೆ ಮುಖ ಮುರಿದು ಹೇಳುವ ಗಂಡಸು ಅವನಲ್ಲ. ನೆಪವನ್ನು ಅವಳು ಕೊಚ್ಚಿ, ಬೇಯಿಸಿ, ಮುಂದಿಟ್ಟಿದ್ದಳು.

ಅವನು ಅಂಗೈ ತೆರೆಯಲಿಲ್ಲ. ಎದೆಯ ಮೇಲೆ ಕೈಯಿಟ್ಟು, ದೂರದಿಂದ ಬಂದವರಿಗೆ ರಹ್ಮತ್, ದಾರಿ ಸುಗಮವಾಗಲಿ ಎಂದು ಎದ್ದ. ಹನ್ನೊಂದು ಮಂದಿ ಅವನ ಹಿಂದೆ ಎದ್ದರು. ವೆನ್ ಏನಾಯಿತೆಂದು ತಿಳಿಯದೆ ಕೈಯಲ್ಲಿ ತುಂಡು ಹಿಡಿದು ಸುತ್ತ ನೋಡಿದ. ಬುರುಲ್ ಅವನಿಗೆ ಕೂತುಕೋ, ತಿನ್ನು ಎಂದು ಸನ್ನೆ ಮಾಡಿದಳು, ಉಳಿದದ್ದನ್ನು ಕಟ್ಟಿಯೂ ಕೊಟ್ಟಳು.

ಮೆಲಿಸ್ ಜೀಪು ಹತ್ತುವ ಮುಂಚೆ ಒಂದು ಮಾತು ಬಿಟ್ಟುಹೋದ. ಬಾತಾ ಇಲ್ಲದಿದ್ದರೆ ಬೇಡ, ಜಿಲ್ಲೆಯ ಅನುಮತಿ ಇದೆ, ನಾಳೆ ಬೆಳಿಗ್ಗೆ ಬೇಲಿಯ ಕಂಬ ನೆಡಲು ಯಂತ್ರ ಬರುತ್ತದೆ.

ಯಂತ್ರ ಬಂದಾಗ ಹುಲ್ಲುಗಾವಲಿನ ನಡುವೆ, ಮೊಣಕಾಲುದ್ದ ಹಿಮದ ಮೇಲೆ, ಉಣ್ಣೆಯ ದಪ್ಪ ಹಾಸುಗಳು ಹರಡಿದ್ದವು. ಮೂವತ್ತೇಳು ಹೆಂಗಸರು, ಮೂರು ಕೊಪ್ಪರಿಗೆ. ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬುತ್ತಿದ್ದವು. ತೊತು ಜೋಪಾನ ಮಾಡಿದ್ದ ಮೂರು ತಲೆಗಳು ಸಾರಾಗಿ ಕುದಿಯುತ್ತಿದ್ದವು. ಯಂತ್ರದವನು ಸ್ವಲ್ಪ ಹೊತ್ತು ನೋಡಿದ, ಎಂಜಿನ್ ಆರಿಸಿದ, ಒಂದು ಬಟ್ಟಲು ಸಾರು ಕುಡಿದ.

ಗಂಡಸರು ಮೊದಲು ಸೇತುವೆಯ ಮೇಲೆ ನಿಂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಮನೆಗೆ ಹೋಗಿ, ಒಲೆ ತಣ್ಣಗಿರುವುದು ಕಂಡು, ಒಬ್ಬೊಬ್ಬರೇ ಹುಲ್ಲುಗಾವಲಿಗೆ ಬಂದರು. ಹಸುವಿಗೆ ನೀರು ಯಾರು ಇಡುತ್ತಾರೆ ಎಂದು ಕೇಳಿದವರಿಗೆ ಬುರುಲ್ ಬಕೆಟ್ಟಿರುವ ಜಾಗ ಹೇಳಿಕೊಟ್ಟಳು. ಸಂಜೆಯೊಳಗೆ ಊರಿಗೆ ಊರೇ ಅಲ್ಲಿತ್ತು. ಆಮೇಲೆ ಇದನ್ನು ಜನ ದೊಡ್ಡ ಹೋರಾಟ ಎಂದರು. ಅಡುಗೆಮನೆ ಜಾಗ ಬದಲಿಸಿತು, ಹೊಟ್ಟೆಗಳು ಹಿಂದೆ ಬಂದವು, ಅಷ್ಟೇ ಎನ್ನುತ್ತಿದ್ದಳು ತೊತು.

ಮೂರನೆಯ ದಿನ ಪೇಟೆಯಿಂದ ಧ್ವನಿವರ್ಧಕ ಹಿಡಿದು ಕೆಲವರು ಬಂದರು. ಚೀನಾದವರನ್ನು ಒಬ್ಬೊಬ್ಬರನ್ನಾಗಿ ಒದ್ದು ಓಡಿಸಬೇಕು, ಅವರು ಕಾಯಿಲೆ ತರುವವರು, ಹಾವು ತಿನ್ನುವವರು ಎಂದು ಒಬ್ಬ ಗಂಟಲು ಹರಿದುಕೊಂಡ. ಬುರುಲ್ ಅವನ ಹತ್ತಿರ ಹೋಗಿ, ಬೆರಣಿಯ ಖಾಲಿ ಬುಟ್ಟಿ ಕೈಗಿತ್ತಳು.

"ಕೂಗಿದ್ರೆ ಕೊಪ್ಪರಿಗೆ ಕುದಿಯಲ್ಲ ತಮ್ಮಾ. ಇದನ್ನ ತುಂಬ್ಕೊಂಡು ಬಾ. ಯಾರನ್ನ ಒದೀಬೇಕು ಅಂತ ಆಮೇಲೆ ಹೇಳ್ತೀನಿ."

ಅವನು ತುಂಬಿಕೊಂಡು ಬಂದ. ಬೆಂಕಿಯ ಸುತ್ತ ಕೂತವರಿಗೆ ಅವಳು ಪಾಂಗನ ಕತೆ ಹೇಳಿದಳು, ಹನ್ನೊಂದು ದಿನ ರಸ್ತೆಯ ಮೇಲೆ ಕೂತವರ ಕತೆ, ಅವನ ತಮ್ಮನ ಕತೆ. ನಮಗಿಂತ ಮುಂಚೆ ಕೂತವರು ಅವರು, ಅವರನ್ನು ಎಬ್ಬಿಸಿದರು, ನಮ್ಮನ್ನು ಎಬ್ಬಿಸಲು ಬಿಡಬಾರದು ಎಂದಳು. ಶುಕ್ರವಾರವಾಗಿತ್ತು. ಮರ್ಯಾಮ್ ಹೆಸರನ್ನೂ ಮೊದಲ ಸಲ ಹತ್ತು ಜನರ ಮುಂದೆ ಎತ್ತಿದಳು. ಹೆಸರು ಹೇಳಿದರೆ ಅವಳಿಗೇ ಆಚೆ ತೊಂದರೆಯಾದೀತೆಂದು ಮೂರು ವರ್ಷ ನುಂಗಿಕೊಂಡಿದ್ದಳು. ನುಂಗಿದ್ದರಿಂದ ಅವಳೇನೂ ವಾಪಸು ಬಂದಿರಲಿಲ್ಲ. ಹೇಳಿ ಮುಗಿಯುವಷ್ಟರಲ್ಲಿ ಇನ್ನೂ ಇಬ್ಬರು ಹೆಂಗಸರು, ತಮ್ಮವರಲ್ಲೂ ಹವೆ ಚೆನ್ನಾಗಿದೆ ಎಂದವರಿದ್ದಾರೆ ಎಂದರು.

ಧ್ವನಿವರ್ಧಕ ಆಮೇಲೆ ಹಾಲಿನ ಪಾತ್ರೆಗೆ ಮುಚ್ಚಳವಾಯಿತು.

ಎರ್ಮೆಕ್ ನಾಲ್ಕನೆಯ ದಿನ ಬಂದ. ತಾಯಿಯ ಜತೆ ಮಾತಾಡಲಿಲ್ಲ. ಜಿಪಾರ್ ಪಕ್ಕ ಕೂತು, ಅವಳು ಹೇಳಿದಂತೆ, ಈರುಳ್ಳಿ ಸುಲಿದ. ಈರುಳ್ಳಿಯಿಂದ ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಅನುಕೂಲವಾಯಿತು.

ಒಂಬತ್ತನೆಯ ದಿನ ಜಿಲ್ಲೆಯಿಂದ ಕಾಗದ ಬಂತು. ಯೋಜನೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ ಎಂದಿತ್ತು. ಜನ ಟೋಪಿ ಹಾರಿಸಿದರು. ಬುರುಲ್ ಜಿಪಾರ್‌ಗೆ 'ಸದ್ಯಕ್ಕೆ' ಎಂಬುದನ್ನು ಮತ್ತೊಮ್ಮೆ ಓದಲು ಹೇಳಿ ತಲೆಯಾಡಿಸಿದಳು. ಮರುದಿನವೇ ಮೂವತ್ತೇಳು ಹೆಂಗಸರು ಊರಿನ ಕಚೇರಿಗೆ ಹೋಗಿ, ಸೇತುವೆ ಕೆಳಗಿನ ಹುಲ್ಲುಗಾವಲನ್ನು ಬಳಸುವವರು ನಾವು ಎಂದು ತಮ್ಮ ಹೆಸರಿನಲ್ಲಿ ಬರೆಸಿ, ಒಬ್ಬೊಬ್ಬರಾಗಿ ಸಹಿ ಹಾಕಿದರು. ಮನೆಗೊಂದೇ ಸಹಿ, ಯಜಮಾನನದು ಸಾಕು ಎಂದ ಗುಮಾಸ್ತನಿಗೆ, ಕುಂಟೆ ಹಿಡಿದ ಯಜಮಾನನನ್ನು ಕರೆದುಕೊಂಡು ಬಾ, ಬಿಟ್ಟುಕೊಡುತ್ತೇವೆ ಎಂದಳು ಬುರುಲ್. ಅವನು ಮಸಿ ಮುಂದೆ ತಳ್ಳಿದ.

ಜುಲೈನಲ್ಲಿ ಹುಲ್ಲು ಸೊಂಟದವರೆಗೆ ಬಂತು. ಎರ್ಮೆಕ್ ಹತ್ತು ದಿನ ಕೊಯ್ದ. ಹನ್ನೊಂದನೆಯ ದಿನ ಯಾರೂ ಹೇಳದೆ ಕುಂಟೆ ಹಿಡಿದು ಹೆಂಗಸರ ಸಾಲಿನ ಕೊನೆಗೆ ನಿಂತ. ಸಂಜೆಗೆ ಅಂಗೈಯಲ್ಲಿ ಬೊಬ್ಬೆ ಎದ್ದು, ಅಪಾ, ಇದು ಆರು ವಾರನಾ ಎಂದು ಕೇಳಿದ. ಅವಳು ಮುಲಾಮು ಇರುವ ಡಬ್ಬಿ ತೋರಿಸಿದಳು.

ಮೊದಲ ಬಣವೆ ಎದ್ದ ದಿನ ಊರು ಕುರಿ ಕೊಯ್ದಿತು. ಕೊಪ್ಪರಿಗೆ ಹುಲ್ಲುಗಾವಲಿನಲ್ಲೇ ಏರಿತು. ಹಾಸಿನ ಗೌರವದ ಕಡೆ ತುರ್ಗುನ್ ಹೋಗಿ ಕೂತ. ಸುತ್ತ ಹಿರಿಯರು ಕೂತರು. ಅವನ ಕಣ್ಣು ಅಡುಗೆಯ ಕಡೆಗೇ, ಹಸಿವಿನಿಂದಲ್ಲ. ಮಚ್ಚುಗತ್ತಿಯ ಸದ್ದಿಗೆ ಅವನ ಕಿವಿ ಫೆಬ್ರವರಿಯಿಂದಲೇ ಹೆದರಿತ್ತು.

"ಮಗಳೇ, ಈ ಸಲ ಹೇಗೆ ಕತ್ತರಿಸ್ತೀಯಾ?" ಎಂದು ಕೂತಲ್ಲಿಂದಲೇ ಕೇಳಿದ.

ಬುರುಲ್ ಹಳೆಯ ಸಣ್ಣ ಚೂರಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು.

"ನೀವು ಹೇಗೆ ಕೂರ್ತೀರೋ ನೋಡ್ಕೊಂಡು ಕತ್ತರಿಸ್ತೀನಿ ಅತಾ."

ಮುದುಕ ಮೊಣಕಾಲು ಹಿಡಿದು ಎದ್ದು, ಪಕ್ಕದವನಿಗೆ ಸರಿದುಕೋ ಎಂದು ಕೈಮಾಡಿ, ಹಾಸಿನ ಗೌರವದ ಕಡೆ ಹೆಂಗಸರಿಗೆ ಜಾಗ ಬಿಡಿಸಿದ. ತೊತು ಕೂತಳು. ಹೊಳೆಯಿಂದ ಬಂದ ಹೆಂಗಸರು ಒದ್ದೆ ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಕೂತರು. ಕೈಗೆ ನೀರು ಹನಿಸಲು ಅಂದು ಎರ್ಮೆಕ್ ಹೂಜಿ ಹಿಡಿದಿದ್ದ.

ಬುರುಲ್ ಹೆಬ್ಬೆರಳಿನಿಂದ ಕೀಲು ಹುಡುಕಿದಳು. ಬಾಗಿಲು ಇದ್ದಲ್ಲೇ ಇತ್ತು.